ಸಜ್ಜಿ ತೆನಿ ತೋರಣ: ಕಾಳು ಉದುರದಂಗ ಕಟ್ಟೋದು ಹೆಂಗ?

ಪ್ರಶ್ನೆ (ವಿಜಯಪುರ):
ದೀಪಾವಳಿಗೆ ಮೂರಡಿ ಬಾಗಲಿಗೆ ಸಜ್ಜಿ ತೆನಿ ತೋರಣ ಕಟ್ಟಬೇಕು. ಎಷ್ಟು ತೆನಿ ಬೇಕ್ರಿ? ಒಣಗಿದ ಮ್ಯಾಲೆ ಗಂಟು ಸಡ್ಲಾಗಿ ಜಾರತಾವ, ಕಾಳೂ ಉದುರತಾವ.

ಉತ್ತರ (ಬಾದಾಮಿ):
ಪೂರ್ತಿ ಬಲಿತ ತೆನಿ ತಗೋಬ್ಯಾಡ್ರಿ, ಉದುರೋದು ಅದಕ್ಕ. ಕಾಳು ಗಟ್ಟಿಯಾಗಾಕ ಹತ್ತಿದಾಗ, ತೆನಿಗೆ ಒಂದು ಗೇಣು ದಂಟು ಇರೂವಂಗ ಕೊಯ್ರಿ. ಐದೈದರ ಸೂಡು ಮಾಡಿ, ತೆನಿ ಕೆಳಮುಖ ಮಾಡಿ ನೆರಳಾಗ 8–10 ದಿನ ತೂಗಹಾಕ್ರಿ. ಬಿಸಲಾಗ ಬಣ್ಣ ಹೋಗತೈತಿ. ಒಣಗಿದಂಗ ದಂಟು ಸಣ್ಣಗಾಗತೈತಿ, ಹಸಿ ಇದ್ದಾಗ ಕಟ್ಟಿದ ಹುರಿ ಸಡ್ಲಾಗೋದು ಸಹಜ. ಮೊದಲ ರಬ್ಬರ್ ಬ್ಯಾಂಡ್ ಹಾಕ್ರಿ, ದಂಟಿನ ಜೋಡಿ ಅದೂ ಬಿಗೀತೈತಿ. ಸೆಣಬಿನ ಹುರಿ ಕಡೀಕ. 4 ಇಂಚಿಗೊಂದರಂಗ 9 ಸೂಡು, 45 ತೆನಿ ಸಾಕು. ಐದಾರು ಹೆಚ್ಚಿಗಿ ಇಟಗೋರಿ.

ಉತ್ತರ (ಗೋಕಾಕ):
ನಡುನಡುವ ಗೋವಿನಜೋಳದ ಸಿಪ್ಪಿ ಹೂವು ಭಾಳ ಚಂದ ಕಾಣತಾವ, ರಾಶಿ ಕಾಲಕ್ಕ ಸಿಪ್ಪಿ ಹೊಲದಾಗ ಪುಕ್ಕಟೆ ಸಿಗತೈತಿ. ಒಣ ಸಿಪ್ಪಿ ಮಡಚಿದ್ರ ಸೀಳತೈತಿ. ಉಗುರುಬೆಚ್ಚನ ನೀರಾಗ 10 ನಿಮಿಷ ನೆನಸಿ, ಹಿಂಡಿ, ಮೆತ್ತಗಿರೂವಾಗನ ಸುತ್ತಿ ದಾರ ಕಟ್ರಿ. ಹಸಿ ಚೆಂಡು ಹೂವು ಮಾತ್ರ ತೆನಿಗೆ ತಾಗಿಸಬ್ಯಾಡ್ರಿ, ತ್ಯಾವಕ್ಕ ಬೂಸ್ಟು ಹತ್ತತೈತಿ.

ಉತ್ತರ (ಬಾದಾಮಿ):
ಖರೆ. ವಾರ್ನಿಶ್ಶೂ ಹಚ್ಚಬ್ಯಾಡ್ರಿ, ಹಂಗಿದ್ರ ಹಬ್ಬ ಆದ ಮ್ಯಾಲೆ ತೋರಣಾನ ಗುಬ್ಬಿಗೆ ತಿನ್ನಾಕ ತೂಗಹಾಕಬಹುದು.