ಪ್ರಶ್ನೆ ಕೇಳಿದರೆ ತೀರ್ಪು ಮಾಡಿದ ಹಾಗಾ? – ಓದುಗರ ಸ್ಪಂದನ

ಅತ್ತೆಗೆ ಸಕ್ಕರೆ ಕಾಯಿಲೆ. ಮನೆಯ ಪ್ರಾರ್ಥನಾ ಕೂಟಕ್ಕೆ ಬಂದ ಬೋಧಕರೊಬ್ಬರು ‘ನಂಬಿಕೆ ಇದ್ದವರಿಗೆ ಮಾತ್ರೆ ಯಾಕೆ?’ ಎಂದ ದಿನದಿಂದ ಮಾತ್ರೆ ಬಿಟ್ಟಿದ್ದಾರೆ. ಇದು ತಪ್ಪು ಎಂದ ಸೊಸೆಗೆ ಗಂಡ, ನಾದಿನಿ ಎಲ್ಲರೂ ಹೇಳಿದ್ದು ಒಂದೇ ಮಾತು: ‘ತೀರ್ಪು ಮಾಡಬೇಡಿ ಅಂತ ಯೇಸು ಸ್ವಾಮಿಯೇ ಹೇಳಿಲ್ವಾ?’ ಕ್ರೈಸ್ತಳಾಗಿ ನಾನು ಬಾಯಿ ಮುಚ್ಚಿಕೊಂಡು ಇರಬೇಕಾ ಎಂದು ಗದಗದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಂಗಿ, ಮೊದಲು ಮಾತ್ರೆಯ ವಿಷಯ. ವಚನದ ವಿಷಯ ಆಮೇಲೆ. ನಾಳೆಯೇ ಅತ್ತೆಯನ್ನು ಕರೆದುಕೊಂಡು ಹೋಗಿ ಸಕ್ಕರೆ ಚೆಕ್ ಮಾಡಿಸಿ. ಬೈಯಬೇಡಿ, ವಾದಕ್ಕೆ ಇಳಿಯಬೇಡಿ. ನಾನು ಬಳ್ಳಾರಿ ಕಡೆ 31 ವರ್ಷ ನರ್ಸ್ ಆಗಿದ್ದವಳು. ಮಾತ್ರೆ ಬಿಟ್ಟ ಮೊದಲ ದಿನಗಳಲ್ಲಿ ಎಷ್ಟೋ ಜನರಿಗೆ ಏನೂ ಆದ ಹಾಗೆ ಅನ್ನಿಸುವುದಿಲ್ಲ. ‘ನೋಡಿದ್ಯಾ, ವಾಸಿಯಾಯಿತು’ ಎಂದು ಸಾಕ್ಷಿ ಹೇಳುವುದು ಆಗಲೇ. ಸಕ್ಕರೆ ಮಾತ್ರ ಒಳಗೊಳಗೇ ಏರುತ್ತಿರುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಕಾಲಿಗೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಬೆರಳು ಕಪ್ಪಾದ ಮೇಲೆ ಕರೆತಂದವರನ್ನು ನಾನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಅವರಲ್ಲಿ ನಮ್ಮ ಸಭೆಯವರೂ ಇದ್ದರು.

ಇನ್ನು ವಚನ. ನಿಮ್ಮ ಮನೆಯವರು ಹೇಳಿದ್ದು ಬೈಬಲಿನ ಮತ್ತಾಯ ಪುಸ್ತಕದ 7ನೇ ಅಧ್ಯಾಯದ ಒಂದನೇ ವಚನ. ಅಲ್ಲಿಗೇ ಪುಸ್ತಕ ಮುಚ್ಚಬೇಡಿ. ಮುಂದೆ ಓದಿದರೆ ನಿನ್ನ ಕಣ್ಣಲ್ಲಿ ತೊಲೆ ಇಟ್ಟುಕೊಂಡು ಸಹೋದರನ ಕಣ್ಣಿನ ರವೆ ನೋಡುತ್ತೀಯಲ್ಲ ಎಂಬ ಮಾತು ಬರುತ್ತದೆ. ನಮ್ಮ ಕಡೆ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ತೊಲೆ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಜಂತೆಯ ಭಾರವನ್ನೆಲ್ಲ ಹೊತ್ತು ನಿಂತಿರುವ ಮರ ಅದು. ಆದರೆ ಸ್ವಾಮಿ ಅಲ್ಲಿಗೆ ನಿಲ್ಲಿಸುವುದಿಲ್ಲ. ಮೊದಲು ನಿನ್ನ ತೊಲೆ ತೆಗೆ, ಆಮೇಲೆ ಅವನ ಕಣ್ಣಿನ ರವೆ ತೆಗೆಯಲು ನಿನಗೆ ಚೆನ್ನಾಗಿ ಕಾಣಿಸುತ್ತದೆ ಎನ್ನುತ್ತಾರೆ. ರವೆಯನ್ನು ಹಾಗೇ ಬಿಡು ಎನ್ನಲಿಲ್ಲ.

ಸುಗ್ಗಿಯಲ್ಲಿ ಜೋಳದ ರಾಶಿ ಮಾಡುವಾಗ ಕಣ್ಣಿಗೆ ಹೊಟ್ಟು ಬಿದ್ದವರು ನಮ್ಮಲ್ಲಿಗೆ ಬರುತ್ತಿದ್ದರು. ರೆಪ್ಪೆಯನ್ನು ಮೆಲ್ಲಗೆ ಎತ್ತಿ ಹಿಡಿದು, ಒದ್ದೆ ಹತ್ತಿಯ ತುದಿಯಿಂದ ತೆಗೆಯಬೇಕು. ಅವರು ಹೆದರಿಕೊಂಡು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ನನ್ನ ಕಣ್ಣೂ ಸರಿಯಿರಬೇಕು, ಕೈಯೂ ನಡುಗಬಾರದು. ತೆಗೆಯದೆ ಬಿಟ್ಟರೆ ಅವರು ಕಣ್ಣು ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತಾರೆ. ಈ ವಚನ ಓದಿದಾಗಲೆಲ್ಲ ನನಗೆ ಆ ಕೈಗಳ ಹಿಡಿತ ನೆನಪಾಗುತ್ತದೆ. ಅದೇ ಅಧ್ಯಾಯದ 15ನೇ ವಚನವನ್ನೂ ಅತ್ತೆಯ ಜೊತೆ ಕೂತು ಓದಿ. ಕುರಿಯ ವೇಷದಲ್ಲಿ ಬರುವ ತೋಳಗಳ ಬಗ್ಗೆ ಎಚ್ಚರಿಕೆ, ಫಲದಿಂದ ಅವರನ್ನು ಗುರುತಿಸುತ್ತೀರಿ ಎಂಬ ಮಾತು ಅಲ್ಲೇ ಇದೆ. ಯಾರನ್ನೂ ಅಳೆಯಲೇಬಾರದು ಅಂದಿದ್ದರೆ ಫಲ ನೋಡಿ ಎಂದು ಯಾಕೆ ಹೇಳುತ್ತಿದ್ದರು?
– ನಿವೃತ್ತ ನರ್ಸ್, ಬಳ್ಳಾರಿ

ಸಹೋದರಿ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಆದರೆ ನನ್ನಿಂದ ಆದ ಒಂದು ತಪ್ಪನ್ನು ಹೇಳಬೇಕು. ಎರಡು ವರ್ಷದ ಹಿಂದೆ ಒಬ್ಬ ಬೋಧಕರ ಪ್ರಸಂಗದ 40 ಸೆಕೆಂಡಿನ ವಿಡಿಯೊ ನನ್ನ ವಾಟ್ಸಾಪ್‌ಗೆ ಬಂತು. ‘ಕಾಣಿಕೆ ಕೊಡದವನಿಗೆ ಆಶೀರ್ವಾದ ಇಲ್ಲ’ ಎಂದು ಅವರು ಹೇಳುವುದು ಕೇಳಿಸಿತು. ಸಿಟ್ಟು ಬಂತು. ‘ಸುಳ್ಳು ಪ್ರವಾದಿ’ ಎಂದು ಬರೆದು ಮೂರು ಗುಂಪುಗಳಿಗೆ ಕಳಿಸಿದೆ. ಮಾರನೇ ದಿನ ನಮ್ಮಣ್ಣ ಪೂರ್ತಿ ಪ್ರಸಂಗ ಕೇಳಿಸಿದ. ‘ಹೀಗೆ ಹೇಳುವವರ ಮಾತು ನಂಬಬೇಡಿ’ ಎಂಬುದು ಅದರ ಮುಂದಿನ ವಾಕ್ಯ! ಅಷ್ಟು ಹೊತ್ತಿಗೆ ನನ್ನ ಸಂದೇಶ ಎಲ್ಲೆಲ್ಲಿಗೋ ಹೋಗಿತ್ತು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರ ಹೆಂಡತಿ ಕಾಫಿ ಕೊಟ್ಟರು, ಒಂದು ಮಾತೂ ಆಡಲಿಲ್ಲ. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಹಾಗಾಗಿ ಬೋಧಕರು ನಿಜವಾಗಿ ಏನೆಂದರು ಎಂದು ಮೊದಲು ಅವರನ್ನೇ ಕೇಳಿ. ಅತ್ತೆ ಕೇಳಿಸಿಕೊಂಡದ್ದೇ ಬೇರೆ ಇರಬಹುದು. ಮತ್ತಾಯ 18ರಲ್ಲಿ ಇರುವ ಕ್ರಮವೂ ಅದೇ ಅಲ್ವಾ? ಮೊದಲು ಒಬ್ಬರೇ ಹೋಗಿ, ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಕೊನೆಗೆ ಸಭೆಗೆ ತಿಳಿಸಿ.
– ಓದುಗ, ಬೆಂಗಳೂರು

ಅಕ್ಕ, ನಾನು ಮದುವೆಯಾಗಿ ಹೊಸ ಸಭೆಗೆ ಹೋದವಳು. ಮೊದಲ ಭಾನುವಾರ ನಮ್ಮಮ್ಮ ಕಟ್ಟಿಕೊಟ್ಟ ಮಲ್ಲಿಗೆ ಮುಡಿದುಕೊಂಡು ಹೋಗಿದ್ದೆ. ಹಿಂದಿನ ಸಾಲಿನವರೊಬ್ಬರು ಪ್ರಾರ್ಥನೆಯ ನಡುವೆಯೇ ಬಗ್ಗಿ ‘ಇನ್ನೂ ಲೋಕವನ್ನು ಬಿಟ್ಟಿಲ್ಲ’ ಎಂದರು. ಹೂವನ್ನು ಅಲ್ಲೇ ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಬೇರೆಯವನ ಆಳಿಗೆ ತೀರ್ಪು ಹೇಳಲು ನೀನು ಯಾರು ಎಂದು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಕೇಳುವುದು ಇಂಥದಕ್ಕೇ. ಅಲ್ಲಿನ ಜಗಳ ಊಟದ ಬಗ್ಗೆ, ಹಬ್ಬದ ದಿನಗಳ ಬಗ್ಗೆ. ನಮ್ಮಲ್ಲಿ ಹೂವು, ಓಲೆ, ಬಳೆ. ಹೂ ಮುಡಿದರೆ ಯಾರ ಜೀವವೂ ಹೋಗುವುದಿಲ್ಲ. ಮಾತ್ರೆ ಬಿಟ್ಟರೆ ಹೋಗುತ್ತದೆ. ನಮ್ಮವರು ಮಾತನಾಡಬೇಕಾದ ಕಡೆ ಸುಮ್ಮನಿದ್ದು, ಸುಮ್ಮನಿರಬೇಕಾದ ಕಡೆ ಜಾಸ್ತಿ ಮಾತನಾಡುತ್ತಾರೆ.
– ಓದುಗಳು, ಹಾಸನ

ಅಮ್ಮಾ, ನಾನು 19 ವರ್ಷದಿಂದ ಸಭಾಪಾಲಕ. ನಿಮ್ಮ ಪತ್ರ ಓದಿ ನಾಚಿಕೆಯಾಯಿತು, ಯಾಕೆಂದರೆ ನಾವು ಬೋಧಕರೇ ‘ತೀರ್ಪು ಮಾಡಬೇಡಿ’ ಎಂಬ ಈ ಒಂದು ವಚನವನ್ನು ನಮ್ಮ ರಕ್ಷಣೆಗೆ ಜಾಸ್ತಿ ಬಳಸಿದ್ದೇವೆ. ಹಾಗೆ ಬಳಸುವ ಇನ್ನೊಂದು ವಚನ ಕೀರ್ತನೆ 105ರದ್ದು, ಅಭಿಷೇಕ ಹೊಂದಿದವರನ್ನು, ಅಂದರೆ ದೇವರು ಆರಿಸಿಕೊಂಡವರನ್ನು, ಮುಟ್ಟಬೇಡಿ ಎಂಬುದು. ಊರೂರು ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರಿಗೆ ಅರಸರು ಕೇಡು ಮಾಡದಂತೆ ದೇವರು ಹೇಳಿದ ಮಾತು ಅದು. ಪಾಸ್ಟರನ್ನು ಪ್ರಶ್ನೆ ಕೇಳಬೇಡಿ ಎಂಬ ಅರ್ಥ ಅದರಲ್ಲಿ ಎಲ್ಲಿದೆ? ಅಭಿಷೇಕ ಹೊಂದಿದ ಅರಸ ದಾವೀದ ತಪ್ಪು ಮಾಡಿದಾಗ ಅವನಿಗೇ ನಾತಾನ ಪ್ರವಾದಿ ‘ಆ ಮನುಷ್ಯನು ನೀನೇ’ ಎಂದು ಎದುರಿಗೆ ನಿಂತು ಹೇಳಿದ.

ಬೆರೋಯ ಎಂಬ ಊರಿನ ಜನ ಅಪೊಸ್ತಲ ಪೌಲನ ಮಾತು ಕೇಳಿ, ಅದು ಹೌದೋ ಅಲ್ಲವೋ ಎಂದು ಪ್ರತಿದಿನ ಶಾಸ್ತ್ರ ತೆಗೆದು ನೋಡುತ್ತಿದ್ದರು. ಅಪೊಸ್ತಲರ ಕೃತ್ಯಗಳು 17:11 ಅವರನ್ನು ಹೊಗಳುತ್ತದೆ. ಪೌಲನೂ ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರನನ್ನೇ ಮುಖಾಮುಖಿ ಎದುರಿಸಿದ. ಕಾರಣ ಪಂಕ್ತಿಭೇದ. ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಉಣ್ಣುತ್ತಿದ್ದ ಪೇತ್ರ, ಯೆರೂಸಲೇಮಿನ ಕಡೆಯವರು ಬಂದಾಗ ಹೆದರಿ ಹಿಂದೆ ಸರಿದುಬಿಟ್ಟಿದ್ದ. ಪೇತ್ರನ ರಕ್ಷಣೆಯ ಬಗ್ಗೆ ಪೌಲ ತೀರ್ಪು ಕೊಡಲಿಲ್ಲ. ನೀನು ನಡೆಯುತ್ತಿರುವುದು ಸುವಾರ್ತೆಗೆ ಸರಿಯಾಗಿಲ್ಲ ಎಂದ, ಅಷ್ಟೇ.

ನಮ್ಮ ‘ತೀರ್ಪು’ ಎಂಬ ಮಾತಿಗೆ ಕೋರ್ಟಿನ ವಾಸನೆ ಇದೆ. ಮತ್ತಾಯನಲ್ಲಿರುವ ಗ್ರೀಕ್ ಮಾತು ‘ಕ್ರಿನೋ’. ಅದರ ಮೂಲ ಅರ್ಥ ಬೇರ್ಪಡಿಸುವುದು. ಶಿಕ್ಷೆ ವಿಧಿಸುವುದಕ್ಕೂ ಅದೇ ಮಾತು, ಯಾವುದು ಸರಿ ಎಂದು ತೀರ್ಮಾನಿಸುವುದಕ್ಕೂ ಅದೇ ಮಾತು. ಮೊರದಲ್ಲಿ ಅಕ್ಕಿ ಕೇರುವುದು ಬೇರೆ, ಒಬ್ಬರನ್ನು ನರಕಕ್ಕೆ ಕಳಿಸುವುದು ಬೇರೆ. ಎರಡನೆಯದು ದೇವರ ಕೆಲಸ. ಮೊದಲನೆಯದನ್ನು ಮಾಡದಿದ್ದರೆ ಮಕ್ಕಳಿಗೆ ಕಲ್ಲು ಉಣ್ಣಿಸುತ್ತೇವೆ.

ಕೇರದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಘಟನೆ ನನ್ನ ಮನಸ್ಸಿನಿಂದ ಹೋಗಿಲ್ಲ. 2023ರಲ್ಲಿ ಕೆನ್ಯಾದ ಶಕಹೋಲಾ ಕಾಡಿನಲ್ಲಿ 400ಕ್ಕೂ ಹೆಚ್ಚು ಶವಗಳನ್ನು ಗುಂಡಿಗಳಿಂದ ಹೊರತೆಗೆದರು. ಉಪವಾಸ ಮಾಡಿ ಸತ್ತರೆ ಯೇಸುವನ್ನು ಕಾಣುತ್ತೀರಿ ಎಂದು ಒಬ್ಬ ಬೋಧಕ ಹೇಳಿದ್ದೇ ಕಾರಣ ಎಂಬುದು ಅಲ್ಲಿನ ಸರ್ಕಾರದ ಆರೋಪ. ಸತ್ತವರಲ್ಲಿ ಮಕ್ಕಳೂ ಇದ್ದರು.

ಒಂದು ವಿಷಯದಲ್ಲಿ ಮಾತ್ರ ನಾವು ಸುಮ್ಮನಿರಬೇಕು. ಹೊರಗಿನವರ ಬಗ್ಗೆ ತೀರ್ಪು ಮಾಡುವುದು ನನಗೆ ಯಾಕೆ ಎಂದು ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಕೇಳುತ್ತಾನೆ. ಪಕ್ಕದ ಮನೆಯವರ ಪೂಜೆ, ಹಬ್ಬದ ಬಗ್ಗೆ ಬೀದಿಯಲ್ಲಿ ನಿಂತು ಮಾತನಾಡುವವರು ಮೊದಲು ನಮ್ಮ ಸಭೆಯ ಕಾಣಿಕೆಯ ಲೆಕ್ಕ ನೋಡಲಿ. ನನ್ನ ಪ್ರಸಂಗವನ್ನೂ ಕೇರಿ ನೋಡಲಿ.
– ಸಭಾಪಾಲಕ, ಧಾರವಾಡ

ಸೊಸೆಯವರಿಗಲ್ಲ, ಅತ್ತೆಯವರಿಗೇ ಈ ಪತ್ರ. ಅಕ್ಕ, ನನಗೆ 63 ವರ್ಷ. ನಾನೂ ಒಮ್ಮೆ ಇನ್ಸುಲಿನ್ ಬಿಟ್ಟಿದ್ದೆ, 11 ದಿನ. ನನಗೆ ನಂಬಿಕೆ ಕಡಿಮೆ ಎಂದು ಯಾರಾದರೂ ಅಂದುಕೊಂಡಾರು ಎಂಬ ಹೆದರಿಕೆಯಿಂದ ಬಿಟ್ಟದ್ದು. ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ಬಿಟ್ಟಾಗ ಸೊಸೆ ನನ್ನ ಪಾದ ತಿಕ್ಕುತ್ತಾ ಕೂತಿದ್ದಳು. ಬಿಡಬೇಡಿ ಎಂದು ಜಗಳವಾಡಿದ್ದು ಅವಳೊಬ್ಬಳೇ. ಅವಳನ್ನು ನಾನು ಅವಿಶ್ವಾಸಿ ಎಂದಿದ್ದೆ.

ಪೌಲನ ಜೊತೆಗಾರ ಲೂಕ ವೈದ್ಯನಾಗಿದ್ದ. ‘ಪ್ರಿಯ ವೈದ್ಯ’ ಎಂದೇ ಪೌಲ ಕರೆಯುತ್ತಾನೆ. ಮದ್ದು ಬಿಡು ಎಂದು ಅವನಿಗೆ ಹೇಳಿದ್ದು ಎಲ್ಲೂ ಇಲ್ಲ. ಈಗ ನಾನು ಬೆಳಿಗ್ಗೆ ಸಿರಿಂಜ್ ಕೈಯಲ್ಲಿ ಹಿಡಿದುಕೊಂಡೇ ಪ್ರಾರ್ಥನೆ ಮಾಡುತ್ತೇನೆ. ಆಮೆನ್ ಎಂದ ಮೇಲೆ ಚುಚ್ಚಿಕೊಳ್ಳುತ್ತೇನೆ. ನೀವೂ ಮಾತ್ರೆ ಅಂಗೈಯಲ್ಲಿ ಇಟ್ಟುಕೊಂಡು ಪ್ರಾರ್ಥನೆ ಮಾಡಿ ನೋಡಿ. ನೀರು ತಂದುಕೊಡಲು ನಿಮ್ಮ ಸೊಸೆಯನ್ನೇ ಕರೆಯಿರಿ.
– ಓದುಗಳು, ಮೈಸೂರು