ಮನೆಯಲ್ಲಿರುವ ವೆಂಟಿಲೇಟರ್ ಅಲಾರಂ ಕೂಗಿದಾಗ ಮೊದಲು ಏನು ನೋಡಬೇಕು? – ಅನುಭವ ಹಂಚಿಕೆ

ಪ್ರಶ್ನೆ (ಮಗಳು, ಸಾಗರ)

ನನ್ನ ತಂದೆಯವರಿಗೆ ಎಎಲ್‌ಎಸ್ (ಸ್ನಾಯುಗಳನ್ನು ನಡೆಸುವ ನರಗಳು ಕ್ರಮೇಣ ನಶಿಸುವ) ಕಾಯಿಲೆ ಇದೆ. ಉಸಿರಾಟದ ಸ್ನಾಯುಗಳು ಸೋತದ್ದರಿಂದ ಗಂಟಲಿಗೆ ಟ್ರಾಕಿಯಾಸ್ಟಮಿ ಮಾಡಿ (ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ನಳಿಕೆ ಇಟ್ಟು), ಪೋರ್ಟಬಲ್ ವೆಂಟಿಲೇಟರಿನೊಡನೆ ಮನೆಗೆ ಕಳುಹಿಸಿದ್ದಾರೆ. ಸಕ್ಷನ್ ಮಾಡುವುದನ್ನೂ (ಕಫ ಹೀರಿ ತೆಗೆಯುವುದನ್ನೂ) ನಳಿಕೆ ಬದಲಿಸುವುದನ್ನೂ ಆಸ್ಪತ್ರೆಯಲ್ಲಿ ಚೆನ್ನಾಗಿ ಕಲಿಸಿದರು. ಅಲಾರಂಗಳ ವಿಷಯದಲ್ಲಿ ಹೇಳಿಕೊಟ್ಟದ್ದು ಕಡಿಮೆ. ರಾತ್ರಿ ‘ಹೈ ಪ್ರೆಶರ್’ ಎಂದು ಪದೇ ಪದೇ ಕೂಗುತ್ತದೆ, ಅದರ ಬೆನ್ನಿಗೇ ‘ಲೋ ಮಿನಿಟ್ ವಾಲ್ಯೂಮ್’ ಬರುತ್ತದೆ, ಕರೆಂಟು ಹೋದರೆ ಬೇರೆಯೇ ಸದ್ದು. ರಾತ್ರಿ ಸಹಾಯಕ್ಕೆ ಇರುವ ಹುಡುಗ ಸೈಲೆನ್ಸ್ ಗುಂಡಿ ಒತ್ತಿ ಸುಮ್ಮನಾಗುತ್ತಾನೆ. ಯಾವುದನ್ನು ನಾವೇ ಸರಿಪಡಿಸಬಹುದು, ಯಾವಾಗ ಆಸ್ಪತ್ರೆಗೆ ಹೊರಡಬೇಕು ಎಂಬುದನ್ನು ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ (ಐಸಿಯು ಶುಶ್ರೂಷಕಿ, ಹುಬ್ಬಳ್ಳಿ)

ಅಲಾರಂ ಕೇಳಿದ ಕೂಡಲೇ ಕಣ್ಣು ಯಂತ್ರದ ಪರದೆಯ ಕಡೆಗೆ ಹೋಗುವುದು ಸಹಜ. ಐಸಿಯುವಿಗೆ ಹೊಸದಾಗಿ ಸೇರುವವರಿಗೆ ನಾವು ಮೊದಲು ಬಿಡಿಸುವುದು ಈ ಅಭ್ಯಾಸವನ್ನೇ. ಮೊದಲು ತಂದೆಯವರ ಮುಖವನ್ನೂ ಎದೆಯನ್ನೂ ನೋಡಿ. ಎದೆ ಎರಡೂ ಕಡೆ ಸಮನಾಗಿ ಏರುತ್ತಿದೆಯೇ, ತುಟಿ ನೀಲಿಗಟ್ಟಿದೆಯೇ, ಹಣೆ ಬೆವರುತ್ತಿದೆಯೇ, ಕಣ್ಣಲ್ಲಿ ಗಾಬರಿ ಇದೆಯೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಎಎಲ್‌ಎಸ್ ಮುಂದುವರಿದವರು ಕೂಗಲಾರರು, ಕೈ ಎತ್ತಲಾರರು. ಕಣ್ಣಿನ ಚಲನೆ ಮಾತ್ರ ಸಾಮಾನ್ಯವಾಗಿ ಬಹುಕಾಲ ಉಳಿದಿರುತ್ತದೆ. ಆದ್ದರಿಂದ ‘ಉಸಿರು ಸಾಲುತ್ತಿಲ್ಲ’ ಎಂಬುದಕ್ಕೆ ಒಂದು ಕಣ್ಸನ್ನೆಯನ್ನು ಅವರೊಡನೆ ಈಗಲೇ ಗೊತ್ತುಮಾಡಿಕೊಳ್ಳಿ, ರಾತ್ರಿಯ ಹುಡುಗನಿಗೂ ಅದನ್ನು ತೋರಿಸಿ.

ಅವರು ಉಸಿರಿಗೆ ಒದ್ದಾಡುತ್ತಿದ್ದು ಕಾರಣ ತಕ್ಷಣ ಕಣ್ಣಿಗೆ ಬೀಳದಿದ್ದರೆ ಯಂತ್ರವನ್ನು ತಡಕಾಡುತ್ತ ಹೊತ್ತು ಕಳೆಯಬೇಡಿ. ಯಂತ್ರದಿಂದ ಬರುವ ಸರ್ಕಿಟ್ ಪೈಪನ್ನು ನಳಿಕೆಯಿಂದ ಬಿಡಿಸಿ, ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಜೋಡಿಸಿ, ಐದಾರು ಸೆಕೆಂಡಿಗೊಮ್ಮೆ ಎದೆ ಏರುವಷ್ಟು ಮಾತ್ರ ಒತ್ತಿ. ಬ್ಯಾಗ್ ಒತ್ತುವುದರಿಂದ ಉಸಿರೂ ಸಿಗುತ್ತದೆ, ತೊಂದರೆ ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಬ್ಯಾಗ್ ಸಲೀಸಾಗಿ ಒತ್ತಲು ಬಂದು ಅವರು ಚೇತರಿಸಿಕೊಂಡರೆ ದೋಷ ಯಂತ್ರದಲ್ಲೋ ಪೈಪಿನಲ್ಲೋ ಇದೆ. ಒತ್ತಲು ಬಹಳ ಬಿಗಿಯಾಗಿದ್ದರೆ ತೊಂದರೆ ನಳಿಕೆಯಲ್ಲೋ ಎದೆಯಲ್ಲೋ ಇದೆ. ಆಗ ಸಕ್ಷನ್ ಕ್ಯಾಥೆಟರ್ (ಕಫ ಹೀರುವ ತೆಳು ಕೊಳವೆ) ನಳಿಕೆಯೊಳಗೆ ಇಳಿಸಿ ನೋಡಬೇಕು. ಅದು ಇಳಿಯದಿದ್ದರೆ ಒಳನಳಿಕೆಯನ್ನು ತೆಗೆದು ತೊಳೆದ ಇನ್ನೊಂದನ್ನು ಹಾಕಿ. ಆಗಲೂ ಇಳಿಯದಿದ್ದರೆ ನಳಿಕೆ ಕಟ್ಟಿಕೊಂಡಿದೆ ಅಥವಾ ಜಾಗ ತಪ್ಪಿದೆ ಎಂದೇ ತಿಳಿದು, ನಿಮಗೆ ಕಲಿಸಿದ ಕ್ರಮದಲ್ಲಿ ಬದಲಿಸಿ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಿ. ಈಗಿರುವ ಅಳತೆಯದೇ ಒಂದು ನಳಿಕೆ, ಅದಕ್ಕಿಂತ ಒಂದು ಅಳತೆ ಚಿಕ್ಕದಿನ್ನೊಂದು, ಇವೆರಡೂ ಹಾಸಿಗೆಯ ಪಕ್ಕದಲ್ಲೇ ಇರಬೇಕು. ಆಂಬು ಬ್ಯಾಗ್ ಇರಬೇಕಾದ ಜಾಗ ಮಂಚದ ತಲೆದಿಕ್ಕಿನ ಕೊಕ್ಕೆ. ಬೀರುವಿನೊಳಗೆ ಇಟ್ಟರೆ ಅದು ಇದ್ದೂ ಇಲ್ಲದಂತೆ.

ಕೈಯಿಂದ ಉಸಿರು ಕೊಡುವುದನ್ನು ಯಾರೂ ಹಗುರವಾಗಿ ಎಣಿಸಬಾರದು. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿದಾಗ, ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರ ಸಲಹೆಯಂತೆ ಟ್ರಾಕಿಯಾಸ್ಟಮಿ ಮಾಡಿದ ರೋಗಿಗಳಿಗೆ ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಕುಳಿತು, ವಾರಗಟ್ಟಲೆ, ಹಗಲೂ ರಾತ್ರಿಯೂ ಬ್ಯಾಗ್ ಒತ್ತಿ ಬದುಕಿಸಿದರು. ನಿಮ್ಮ ಮನೆಯ ಪ್ರತಿಯೊಬ್ಬ ವಯಸ್ಕರೂ ಅದನ್ನು ಕಲಿತಿರಲಿ.

ಇನ್ನು ನೀವು ಕೇಳಿದ ಎರಡು ಅಲಾರಂಗಳು. ಅವು ಒಂದರ ಬೆನ್ನಿಗೆ ಒಂದು ಬರುತ್ತಿವೆ ಎಂದಿರುವುದರಿಂದ ಎರಡಕ್ಕೂ ಒಂದೇ ಕಾರಣವಿರಬಹುದೆಂದು ನನಗೆ ಅನ್ನಿಸುತ್ತದೆ. ದಾರಿಯಲ್ಲಿ ಎಲ್ಲೋ ಅಡ್ಡಿಯಾದಾಗ, ಗೊತ್ತುಪಡಿಸಿದಷ್ಟು ಗಾಳಿಯನ್ನು ತಳ್ಳಲು ಯಂತ್ರಕ್ಕೆ ಹೆಚ್ಚು ಒತ್ತಡ ಬೇಕಾಗುತ್ತದೆ. ಒತ್ತಡ ಮಿತಿ ಮುಟ್ಟಿದ ಕೂಡಲೇ ಹೆಚ್ಚಿನ ಯಂತ್ರಗಳು ಆ ಉಸಿರನ್ನು ಅರ್ಧಕ್ಕೇ ನಿಲ್ಲಿಸುತ್ತವೆ. ಹೀಗೆ ಮೊಟಕಾದ ಉಸಿರುಗಳು ಸೇರಿ ನಿಮಿಷದ ಒಟ್ಟು ಗಾಳಿ ಕಡಿಮೆಯಾದಾಗ ಎರಡನೆಯ ಅಲಾರಂ ಕೂಗುತ್ತದೆ. ಅಂದರೆ ‘ಹೈ ಪ್ರೆಶರ್’ ಎಂದು ಬಂದಷ್ಟು ಸಲವೂ ತಂದೆಯವರಿಗೆ ಪೂರ್ತಿ ಉಸಿರು ಸಿಕ್ಕಿಲ್ಲ. ಸೈಲೆನ್ಸ್ ಗುಂಡಿ ಸಾಮಾನ್ಯವಾಗಿ ಒಂದೆರಡು ನಿಮಿಷ ಸದ್ದನ್ನಷ್ಟೇ ನಿಲ್ಲಿಸುತ್ತದೆ. ಅಡ್ಡಿ ಹಾಗೆಯೇ ಉಳಿದಿರುತ್ತದೆ. ಯಂತ್ರವನ್ನು ಪ್ರೆಶರ್ ಮೋಡಿನಲ್ಲಿ ಇಟ್ಟಿದ್ದರೆ ಕಥೆ ಬೇರೆ: ಅಲ್ಲಿ ಒತ್ತಡ ಸ್ಥಿರವಾಗಿರುವುದರಿಂದ ಕಫ ಕಟ್ಟಿಕೊಂಡರೂ ‘ಹೈ ಪ್ರೆಶರ್’ ಬಾರದೆ, ಗಾಳಿ ಕಡಿಮೆಯಾಗಿದೆ ಎಂಬ ಅಲಾರಂ ಮಾತ್ರ ಬರಬಹುದು. ನಿಮ್ಮದು ಯಾವ ಮೋಡ್ ಎಂಬುದನ್ನು ಆಸ್ಪತ್ರೆಯವರಿಂದ ಕೇಳಿ, ಯಂತ್ರದ ಮೇಲೆಯೇ ಬರೆದು ಅಂಟಿಸಿ.

ಅಡ್ಡಿಯನ್ನು ಹುಡುಕುವಾಗ ರೋಗಿಯಿಂದ ಹೊರಟು ಯಂತ್ರದವರೆಗೆ ಕೈಯಾಡಿಸುತ್ತ ಬನ್ನಿ. ಗೊರಗೊರ ಸದ್ದಿದ್ದರೆ ಸಕ್ಷನ್ ಮಾಡಿ. ಕ್ಯಾಥೆಟರಿನ ದಪ್ಪ ನಳಿಕೆಯ ಒಳವ್ಯಾಸದ ಅರ್ಧವನ್ನು ಮೀರಬಾರದು, ಒಂದು ಸಲಕ್ಕೆ 10ರಿಂದ 15 ಸೆಕೆಂಡಿಗಿಂತ ಹೆಚ್ಚು ಹೀರಬಾರದು. ಮಗ್ಗುಲು ಬದಲಿಸಿದ ಮೇಲೆ ಪೈಪು ಮೈಯಡಿ ಸಿಕ್ಕಿದೆಯೇ, ಮಂಚದ ಕಂಬಿಗೆ ಸಿಲುಕಿ ಮಡಚಿದೆಯೇ ನೋಡಿ. ಪೈಪಿನಲ್ಲಿ ನೀರು ನಿಂತಿದ್ದರೆ ರೋಗಿಯ ಕಡೆಗೆ ಹರಿಯದಂತೆ ತಗ್ಗಿಸಿ ಹೊರಗೆ ಚೆಲ್ಲಿ, ಹ್ಯೂಮಿಡಿಫೈಯರಿನ (ಗಾಳಿಗೆ ತೇವ ಸೇರಿಸುವ ಉಪಕರಣದ) ಪಾತ್ರೆಗೆ ಮರಳಿ ಬಿಡಬೇಡಿ. ಒಂದು ಕಡೆಯ ಎದೆ ಥಟ್ಟನೆ ಏರುವುದು ನಿಂತು ಆಮ್ಲಜನಕದ ಪ್ರಮಾಣ ಕುಸಿದರೆ ಶ್ವಾಸಕೋಶದ ಹೊರಗೆ ಗಾಳಿ ಸೋರಿರುವ ಅನುಮಾನವಿದೆ. ಅದು ಮನೆಯಲ್ಲಿ ಸರಿಪಡಿಸುವಂಥದ್ದಲ್ಲ, ತಕ್ಷಣ 108.

‘ಲೋ ಪ್ರೆಶರ್’ ಅಥವಾ ‘ಡಿಸ್ಕನೆಕ್ಟ್’ ಬಂದರೆ ಗಾಳಿ ಎಲ್ಲೋ ಸೋರುತ್ತಿದೆ ಎಂದರ್ಥ: ಕಳಚಿದ ಜೋಡಣೆ, ಹ್ಯೂಮಿಡಿಫೈಯರಿನ ಸರಿಯಾಗಿ ಕೂರದ ಮುಚ್ಚಳ, ನಳಿಕೆಯ ಸುತ್ತ ಶ್ವಾಸನಾಳಕ್ಕೆ ಒತ್ತಿಕೊಂಡು ಸೋರಿಕೆ ತಡೆಯುವ ಬಲೂನಿನ ಗಾಳಿ ಇಳಿದಿರುವುದು. ಬಲೂನಿನ ಒತ್ತಡ 20ರಿಂದ 30 ಸೆಂ.ಮೀ. ನೀರಿನಷ್ಟಿರಬೇಕು, ಅದನ್ನು ಅಳೆಯುವ ಚಿಕ್ಕ ಮಾಪಕ ಸಿಗುತ್ತದೆ, ಬೆರಳಲ್ಲಿ ಒತ್ತಿ ಅಂದಾಜು ಮಾಡುವುದು ಸಾಲದು. ಮಾತಿನ ವಾಲ್ವ್ (ಮಾತನಾಡಲು ನೆರವಾಗುವ, ಗಾಳಿಯನ್ನು ಒಳಗೆ ಮಾತ್ರ ಬಿಡುವ ವಾಲ್ವ್) ಹಾಕುವ ಪದ್ಧತಿ ಇದ್ದರೆ ಮೊದಲು ಬಲೂನಿನ ಗಾಳಿಯನ್ನು ಪೂರ್ತಿ ತೆಗೆದಿರಲೇಬೇಕು. ಇಲ್ಲದಿದ್ದರೆ ಒಳಗೆ ಹೋದ ಉಸಿರು ಹೊರಗೆ ಬರಲು ದಾರಿಯೇ ಇರುವುದಿಲ್ಲ.

ಅಲಾರಂ ಕಾಟ ತಪ್ಪಲೆಂದು ಅದರ ಮಿತಿಗಳನ್ನು ಮನೆಯಲ್ಲಿ ಹಿಗ್ಗಿಸಬೇಡಿ. ಪದೇ ಪದೇ ಬರುವ ಅಲಾರಂಗಳ ಹೊತ್ತು, ಆಗಿನ ಆಮ್ಲಜನಕದ ಪ್ರಮಾಣ, ನೀವು ಏನು ಮಾಡಿದಿರಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ವೈದ್ಯರಿಗೆ ತೋರಿಸಿದರೆ ಅವರೇ ಯೋಚಿಸಿ ಬದಲಿಸುತ್ತಾರೆ.

ಉತ್ತರ (ತಾಯಿ, ಮೈಸೂರು)

ನನ್ನ ಮಗನಿಗೆ ಡುಶೆನ್ ಸ್ನಾಯುಕ್ಷಯ. ಅವನೂ ಟ್ರಾಕಿಯಾಸ್ಟಮಿಯ ಮೂಲಕ ವೆಂಟಿಲೇಟರಿನಲ್ಲಿದ್ದಾನೆ. ಅಕ್ಕಾವರು ಮೇಲೆ ಹೇಳಿದ್ದಕ್ಕೆಲ್ಲ ನನ್ನ ಸಹಮತವಿದೆ. ಕೂಗುವ ಅಲಾರಂಗಿಂತ ಕೂಗದ ಅಲಾರಂ ಹೆಚ್ಚು ಅಪಾಯ ಎಂಬುದನ್ನು ಮಾತ್ರ ನಾನು ಸೇರಿಸಬೇಕು.

ಒಂದು ರಾತ್ರಿ ಮಗ್ಗುಲು ಬದಲಿಸಿದ ಮೇಲೆ ಪೈಪು ನಳಿಕೆಯಿಂದ ಕಳಚಿ, ಅದರ ಬಾಯಿ ದಿಂಬಿಗೆ ಒತ್ತಿಕೊಂಡಿತ್ತು. ಯಂತ್ರ ದಿಂಬಿನೊಳಕ್ಕೆ ಗಾಳಿ ಊದುತ್ತಲೇ ಇತ್ತು. ಬಟ್ಟೆಯ ತಡೆಯಿಂದ ಒತ್ತಡ ಕಾಣಿಸುತ್ತಿದ್ದುದರಿಂದ ಪರದೆಯ ಪಟ್ಟಿ ಎಂದಿನಂತೆ ಏರಿ ಇಳಿಯುತ್ತಿತ್ತು, ಸದ್ದೇ ಇಲ್ಲ. ನನ್ನನ್ನು ಎಬ್ಬಿಸಿದ್ದು ಅವನ ಬೆರಳಿಗೆ ಹಾಕಿದ್ದ ಆಕ್ಸಿಮೀಟರಿನ ಅಲಾರಂ. ನಳಿಕೆಯೇ ಕುತ್ತಿಗೆಯಿಂದ ಹೊರಗೆ ಬಂದು ಪೈಪಿನ ತುದಿಯಲ್ಲಿ ಉಳಿದರೂ ಹೀಗೆಯೇ ಆಗಬಹುದಂತೆ. ಸಣ್ಣ ನಳಿಕೆಯ ಕಿರಿದಾದ ದಾರಿ ಸಾಕಷ್ಟು ತಡೆ ಒಡ್ಡುವುದರಿಂದ, ಮಕ್ಕಳ ನಳಿಕೆಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು ಎಂದು ನಮ್ಮ ವೈದ್ಯರು ವಿವರಿಸಿದರು.

ಆಮೇಲೆ ಅವರು ನಮ್ಮ ಮುಂದೆಯೇ ಒಂದು ಪರೀಕ್ಷೆ ಮಾಡಿದರು. ಮಗನಿಗೆ ಒಬ್ಬರು ಆಂಬು ಬ್ಯಾಗಿನಿಂದ ಉಸಿರು ಕೊಡುತ್ತಿರುವಾಗ, ಅದೇ ಅಳತೆಯ ಹೊಸ ನಳಿಕೆಯೊಂದನ್ನು ಪೈಪಿನ ತುದಿಗೆ ಸಿಕ್ಕಿಸಿ ಗಾಳಿಯಲ್ಲಿ ಹಿಡಿದು, ಅಲಾರಂ ಬರುತ್ತದೆಯೇ ಎಂದು ಕಾದರು. ಬರಲಿಲ್ಲ. ಲೋ ಪ್ರೆಶರ್ ಮಿತಿಯನ್ನು ಏರಿಸಿ, ಲೋ ಮಿನಿಟ್ ವಾಲ್ಯೂಮ್ ಅಲಾರಮನ್ನೂ ಸರಿಯಾಗಿ ಇಟ್ಟ ಮೇಲೆ ಬಂತು. ನೀವೂ ಮುಂದಿನ ಭೇಟಿಯಲ್ಲಿ ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಒಬ್ಬರೇ ಇರುವಾಗ ಮಾಡಲು ಹೋಗಬೇಡಿ.

ರಾತ್ರಿಯಿಡೀ ಬೆರಳಿನಲ್ಲಿ ಇರುವ, ತನ್ನದೇ ಅಲಾರಂ ಇರುವ ಆಕ್ಸಿಮೀಟರ್ ಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಒಮ್ಮೆ ನೋಡಿ ತೆಗೆದಿಡುವ ಬಗೆಯದು ಸಾಲದು. ಅದನ್ನೂ ಪೂರ್ತಿ ನಂಬುವಂತಿಲ್ಲ. ಆಮ್ಲಜನಕ ಸೇರಿಸಿ ಕೊಡುತ್ತಿದ್ದರೆ ಇಂಗಾಲದ ಡೈಆಕ್ಸೈಡ್ ಏರುತ್ತಿದ್ದರೂ ಬೆರಳಿನ ಅಂಕಿ ಚೆನ್ನಾಗಿಯೇ ಇರುತ್ತದೆ. ಬೆಳಗಿನ ತಲೆನೋವು, ಎಂದಿಲ್ಲದ ಮಂಪರು ಕಂಡರೆ ವೈದ್ಯರಿಗೆ ತಿಳಿಸಿ. ಸಿಲಿಂಡರಿನ ಹರಿವನ್ನು ನೀವೇ ಹೆಚ್ಚಿಸಿ ಸುಮ್ಮನಾಗಬೇಡಿ.

ಉತ್ತರ (ಬಯೊಮೆಡಿಕಲ್ ಎಂಜಿನಿಯರ್, ಬೆಂಗಳೂರು)

ಕರೆಂಟಿನ ಅಲಾರಂ ಬಗ್ಗೆ ಬರೆಯುತ್ತೇನೆ. ಕೆಂಪು ದೀಪ ಮಿನುಗಿದರೆ ಆ ಕ್ಷಣವೇ ಏಳಬೇಕಾದದ್ದು, ಹಳದಿ ಮಿನುಗಿದರೆ ಬೇಗನೆ ನೋಡಬೇಕಾದದ್ದು; ವೈದ್ಯಕೀಯ ಉಪಕರಣಗಳಿಗೆಲ್ಲ ಈ ಬಣ್ಣಗಳನ್ನು ಅಂತರರಾಷ್ಟ್ರೀಯ ಮಾನಕವೇ ಗೊತ್ತುಪಡಿಸಿದೆ. ಕರೆಂಟು ಹೋಗಿ ಬ್ಯಾಟರಿಗೆ ಬದಲಾದಾಗ ಬರುವ ಸೂಚನೆಗೆ ಗಾಬರಿ ಬೇಡ, ಆದರೆ ‘ಲೋ ಬ್ಯಾಟರಿ’ ಬಂದ ಮೇಲೆ ಉಳಿದಿರುವ ಹೊತ್ತು ಕಡಿಮೆ. ಕೈಪಿಡಿಯಲ್ಲಿ ಬರೆದಿರುವ ಗಂಟೆಗಳು ಹೊಸ ಬ್ಯಾಟರಿಯ ಲೆಕ್ಕ. ವಯಸ್ಸಾದ ಬ್ಯಾಟರಿ, ಹೆಚ್ಚಿನ ಒತ್ತಡದ ಸೆಟ್ಟಿಂಗ್, ಸೋರಿಕೆ ಇವೆಲ್ಲ ಅದನ್ನು ಕಡಿಮೆ ಮಾಡುತ್ತವೆ.

ಹ್ಯೂಮಿಡಿಫೈಯರಿನ ಬಿಸಿ ತಟ್ಟೆ ಬಹಳ ವಿದ್ಯುತ್ ಎಳೆಯುತ್ತದೆ. ಇನ್ವರ್ಟರಿನ ಮೇಲೆ ಅದನ್ನೂ ವೆಂಟಿಲೇಟರನ್ನೂ ಸಕ್ಷನ್ ಯಂತ್ರವನ್ನೂ ಒಟ್ಟಿಗೆ ಹಾಕುವ ಮೊದಲು ಲೋಡಿನ ಲೆಕ್ಕ ಹಾಕಿಸಿ. ಇನ್ವರ್ಟರ್ ಶುದ್ಧ ಸೈನ್ ವೇವ್ ಕೊಡುವಂಥದ್ದಾಗಿರಲಿ. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು, ಆದ್ದರಿಂದ ಯಂತ್ರಕ್ಕೆ ಹೊರ ಬ್ಯಾಟರಿ ಅಥವಾ ಕಾರಿನ 12 ವೋಲ್ಟಿನ ಅಡಾಪ್ಟರ್ ಸಿಗುವುದಿದ್ದರೆ ತರಿಸಿಡಿ. ಸಕ್ಷನ್ನಿಗೂ ಕಾಲಿನಿಂದ ತುಳಿಯುವ ಪಂಪ್ ಒಂದಿರಲಿ.

ಯಂತ್ರದ ಹಿಂಬದಿಯ ಗಾಳಿಫಿಲ್ಟರಿನಲ್ಲಿ ಧೂಳು ಕಟ್ಟಿದರೆ, ಅಥವಾ ಹೊದಿಕೆ ಗಾಳಿದಾರಿಯನ್ನು ಮುಚ್ಚಿದರೆ, ಯಂತ್ರ ಬಿಸಿಯಾಗಿ ಬೇರೆ ಅಲಾರಂ ಕೊಡುತ್ತದೆ. ತೊಳೆಯಬಹುದಾದ ಫಿಲ್ಟರನ್ನು ಪೂರ್ತಿ ಒಣಗಿಸಿಯೇ ಹಾಕಿ.

ಸರ್ಕಿಟ್ ಪೈಪು ಕೊಳ್ಳುವಾಗ ಎಚ್ಚರವಿರಲಿ. ಕೆಲವಕ್ಕೆ ಗಾಳಿ ಹೊರಬಿಡುವ ಸಣ್ಣ ರಂಧ್ರಗಳಿರುತ್ತವೆ, ಕೆಲವಕ್ಕೆ ಯಂತ್ರವೇ ನಡೆಸುವ ವಾಲ್ವ್ ಇರುತ್ತದೆ, ಕೆಲವಕ್ಕೆ ಎರಡು ಪೈಪುಗಳಿರುತ್ತವೆ. ಯಂತ್ರದಲ್ಲಿ ಆರಿಸಿರುವ ಬಗೆಗೂ ಪೈಪಿಗೂ ಹೊಂದಿಕೆ ಇಲ್ಲದಿದ್ದರೆ ಅಲಾರಂ ತಪ್ಪುವುದಷ್ಟೇ ಅಲ್ಲ, ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವ ಸ್ಥಿತಿ ಬರಬಹುದು. ಆ ರಂಧ್ರಗಳನ್ನು ‘ಸೋರುತ್ತಿದೆ’ ಎಂದು ಟೇಪು ಹಚ್ಚಿ ಮುಚ್ಚಿದ್ದನ್ನು ನಾನು ಕಂಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಅಕ್ಕಾವರು ಹೇಳಿದಂತೆ ನಳಿಕೆಯಿಂದ ಯಂತ್ರದವರೆಗೆ ನೋಡುತ್ತ ಬಂದಾಗ ಒಂದು ಸಂಗತಿ ಕಂಡಿತು. ಯಂತ್ರ ಜೋಡಿಸಿಕೊಟ್ಟವರು ಬಿಸಿ ಹ್ಯೂಮಿಡಿಫೈಯರನ್ನೂ ಹಾಕಿದ್ದಾರೆ, ನಳಿಕೆಯ ಬಳಿ ಬಿಳಿಯ ಎಚ್‌ಎಂಇ ಫಿಲ್ಟರನ್ನೂ ಹಾಕಿದ್ದಾರೆ. ಬೆಳಗಿನ ಜಾವಕ್ಕೆ ಆ ಫಿಲ್ಟರ್ ಒದ್ದೆಯಾಗಿ ಭಾರವಾಗಿರುತ್ತದೆ, ಅಲಾರಂ ಹೆಚ್ಚುವುದೂ ಅದೇ ಹೊತ್ತಿಗೆ. ಇವೆರಡಕ್ಕೂ ಸಂಬಂಧವಿದೆಯೇ?

ಉತ್ತರ (ಐಸಿಯು ಶುಶ್ರೂಷಕಿ, ಹುಬ್ಬಳ್ಳಿ)

ಖಂಡಿತ ಇದೆ. ಎಚ್‌ಎಂಇ ಫಿಲ್ಟರ್ ರೋಗಿ ಬಿಟ್ಟ ಉಸಿರಿನ ತೇವವನ್ನೇ ಹಿಡಿದು ಮರಳಿಸುವಂಥದ್ದು. ಬಿಸಿ ಹ್ಯೂಮಿಡಿಫೈಯರಿನ ಹಬೆಯೂ ಅದಕ್ಕೆ ಸೇರಿದರೆ ನೀರು ತುಂಬಿ ಗಾಳಿಗೆ ಅಡ್ಡಿಯಾಗುತ್ತದೆ. ಎರಡನ್ನೂ ಒಟ್ಟಿಗೆ ಬಳಸಲೇಬಾರದು. ಇಂದೇ ಆಸ್ಪತ್ರೆಗೆ ಫೋನ್ ಮಾಡಿ, ಯಾವುದನ್ನು ಉಳಿಸಬೇಕೆಂದು ಕೇಳಿ ಇನ್ನೊಂದನ್ನು ತೆಗೆಯಿರಿ. ಕಫ ಗಟ್ಟಿಯಾಗಿರುವವರಿಗೆ ಸಾಮಾನ್ಯವಾಗಿ ಹ್ಯೂಮಿಡಿಫೈಯರನ್ನೇ ಉಳಿಸುತ್ತಾರೆ; ಕರೆಂಟು ಹೋದಾಗ ಅದನ್ನು ಸರ್ಕಿಟ್ಟಿನಿಂದ ತೆಗೆದು ಎಚ್‌ಎಂಇ ಹಾಕುವ ಕ್ರಮವನ್ನೂ ಅವರಿಂದಲೇ ಕಲಿತುಕೊಳ್ಳಿ. ನೆಬ್ಯುಲೈಸರ್ ಕೊಡುವ ಹೊತ್ತಿನಲ್ಲಿಯೂ ಎಚ್‌ಎಂಇ ಇರಬಾರದು. ಫೋನಿನಲ್ಲಿ ಉತ್ತರ ಸಿಗುವ ಮೊದಲೇ ಅಲಾರಂ ಬಂದು, ಫಿಲ್ಟರ್ ನೀರು ತುಂಬಿ ಭಾರವಾಗಿದ್ದರೆ, ಅದನ್ನು ತೆಗೆದು ಪೈಪನ್ನು ನೇರವಾಗಿ ನಳಿಕೆಗೆ ಜೋಡಿಸಿ; ಹ್ಯೂಮಿಡಿಫೈಯರ್ ಚಾಲೂ ಇರುವಾಗ ತೇವಕ್ಕೆ ಕೊರತೆಯಾಗದು. ಆದರೆ ಗಾಳಿ ಹೊರಬಿಡುವ ರಂಧ್ರ ಅಥವಾ ವಾಲ್ವ್ ಆ ತುಂಡಿನೊಡನೆಯೇ ಬಂದುಬಿಡದಂತೆ ನೋಡಿಕೊಳ್ಳಿ. ಆಮೇಲೆಯೂ ‘ಹೈ ಪ್ರೆಶರ್’ ನಿಲ್ಲದಿದ್ದರೆ, ಸಕ್ಷನ್ ಮಾಡಿದರೂ ಆಮ್ಲಜನಕದ ಪ್ರಮಾಣ ಎಂದಿನ ಮಟ್ಟಕ್ಕೆ ಮರಳದಿದ್ದರೆ, ಅಥವಾ ಕಫಕ್ಕೆ ರಕ್ತವೋ ಹಸಿರು ಬಣ್ಣವೋ ಬಂದು ಜ್ವರ ಕಾಣಿಸಿಕೊಂಡರೆ ಬೆಳಗಾಗುವವರೆಗೆ ಕಾಯಬೇಡಿ. ಆಂಬು ಬ್ಯಾಗ್, ನಳಿಕೆಗಳೆರಡು, ಸಕ್ಷನ್ ಪಂಪ್ ಮತ್ತು ಅಲಾರಂ ಬರೆದ ಪುಸ್ತಕವನ್ನು ಜೊತೆಗಿಟ್ಟುಕೊಂಡು ಹೊರಡಿ.