ಸಹಾಯ ಬೇಕು: ವಿಲೀನವಾದ ಬ್ಯಾಂಕುಗಳ ಹಳೆ ಶೇರು ಬೆಲೆ

ಎಲ್ಲರಿಗೂ ನಮಸ್ಕಾರ, ನಾನು ಉಡುಪಿಯವನು. ಬ್ಯಾಂಕ್ ಶೇರುಗಳ ಒಂದು ಸ್ಟ್ರಾಟಜಿಯನ್ನು 2010ರಿಂದೀಚಿನ ಬೆಲೆಗಳ ಮೇಲೆ ಬ್ಯಾಕ್‌ಟೆಸ್ಟ್ (ಹಳೆ ಬೆಲೆಗಳಲ್ಲಿ ಅದು ಹೇಗೆ ನಡೆಯುತ್ತಿತ್ತು ಎಂಬ ಪರೀಕ್ಷೆ) ಮಾಡ್ತಾ ಇದ್ದೇನೆ. ನನಗೆ ಸಿಕ್ಕಿದ ಉಚಿತ ಡೇಟಾದಲ್ಲಿ ಈಗ ಉಳಿದಿರುವ ಬ್ಯಾಂಕುಗಳಷ್ಟೇ ಇವೆ. ನಮ್ಮ ಕರಾವಳಿಯಲ್ಲೇ ಹುಟ್ಟಿದ ವಿಜಯಾ (2019ರಲ್ಲಿ ವಿಲೀನ), ಸಿಂಡಿಕೇಟ್, ಕಾರ್ಪೊರೇಷನ್ (2020) ಮೂರೂ ಇಲ್ಲ ಮಾರಾಯ್ರೆ. ಅವನ್ನು ಬಿಟ್ಟು ಬಂದ ಲಾಭದ ಲೆಕ್ಕವನ್ನು ನಂಬಿ ದುಡ್ಡು ಹಾಕಲು ನನಗೆ ಧೈರ್ಯವಿಲ್ಲ.

ಶೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇಯ ಹಳೆ ಭಾವ್‌ಕಾಪಿಗಳಲ್ಲಿ (ದಿನದ ಬೆಲೆಪಟ್ಟಿ) ಬೆಲೆ ಸಿಗುತ್ತದೆ. ತೊಡಕಿರುವುದು ವಿಲೀನದ ದಿನದಲ್ಲಿ. ಸಿಂಡಿಕೇಟ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ ಅದರ 1000 ಶೇರಿಗೆ ಕೆನರಾದ 158 ಶೇರು ಕೊಟ್ಟರು. ಟೆಸ್ಟಿನಲ್ಲಿ ಟ್ರೇಡ್ ಅಲ್ಲಿಗೇ ಮುಗಿಸಬೇಕೋ, ಆ 158ನ್ನು ಮುಂದುವರಿಸಬೇಕೋ? ಒಂದು ಟ್ರೇಡಿನಲ್ಲಿ ಬಂಡವಾಳದ ಶೇ. 1ಕ್ಕಿಂತ ಹೆಚ್ಚು ಹೋಗಬಾರದು ಎಂಬುದು ನನ್ನ ನಿಯಮ, ಸ್ಟಾಪ್‌ಲಾಸ್ (ನಷ್ಟ ಮಿತಿ ಮೀರದಂತೆ ಮಾರಿ ಹೊರಬರುವ ಬೆಲೆ) ಎಲ್ಲಿ ಕೂರುತ್ತದೆ ಎಂಬುದೂ ಇದರ ಮೇಲೇ ನಿಂತಿದೆ.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದನ್ನು ಮಾಡಿದವರಿದ್ದರೆ ದಯವಿಟ್ಟು ತಿಳಿಸಿ. ಮಣಿಪಾಲ, ಮಂಗಳೂರು ಕಡೆಯವರಾದರೆ ಭಾನುವಾರ ಲ್ಯಾಪ್‌ಟಾಪ್ ಹಿಡಿದು ನಾನೇ ಬರುತ್ತೇನೆ.